ಹೊಟ್ಟೆಯೊಳಗಿನ ಅಪಧಮನಿ ಉಬ್ಬಿದಾಗ: ಮುಚ್ಚಬೇಕೋ, ದಾರಿ ಉಳಿಸಬೇಕೋ?

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಕಿಡ್ನಿ ಕಲ್ಲಿನ ಅನುಮಾನಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರ ವರದಿಯ ಕೊನೆಯಲ್ಲಿ, ಹೇಳಿಕೊಂಡು ಬಂದ ನೋವಿಗೆ ಸಂಬಂಧವೇ ಇಲ್ಲದ ಒಂದು ಸಾಲು ಅಪರೂಪಕ್ಕೆ ಕಾಣಿಸುತ್ತದೆ: ಗುಲ್ಮದ (ಸ್ಪ್ಲೀನ್) ಅಪಧಮನಿಯಲ್ಲಿ ಇಷ್ಟು ಗಾತ್ರದ ಅನ್ಯೂರಿಸಂ ಇದೆ. ಕಲ್ಲು ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಆ ಸಾಲು ಫೈಲಿನೊಳಗೇ ಉಳಿದುಬಿಡುವುದುಂಟು, ಉಳಿಯಬಾರದು.

ಅಪಧಮನಿಯ ಗೋಡೆ ಒಂದೆಡೆ ದುರ್ಬಲಗೊಂಡು ರಕ್ತದ ಒತ್ತಡಕ್ಕೆ ಉಬ್ಬುವುದೇ ಅನ್ಯೂರಿಸಂ. ಹೊಟ್ಟೆಯ ಅಂಗಗಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಇಂಥ ಉಬ್ಬು ಅತಿ ಹೆಚ್ಚಾಗಿ, ಸುಮಾರು ಶೇ. 60ರಷ್ಟು, ಎಡ ಪಕ್ಕೆಲುಬುಗಳ ಅಡಿಯಲ್ಲಿರುವ ಗುಲ್ಮದ ಅಪಧಮನಿಯಲ್ಲಿಯೂ, ನಂತರ ಯಕೃತ್ತಿನ ಅಪಧಮನಿಯಲ್ಲಿಯೂ ಕಂಡುಬರುತ್ತದೆ. ಗುಲ್ಮದ ಉಬ್ಬು ಹೆಂಗಸರಲ್ಲಿ, ಅದರಲ್ಲೂ ಹಲವು ಬಾರಿ ಹೆತ್ತವರಲ್ಲಿ ಹೆಚ್ಚು. ಸಾಮಾನ್ಯವಾಗಿ 3 ಸೆಂ.ಮೀ. ದಾಟಿದರೆ ಚಿಕಿತ್ಸೆ ಸೂಚಿಸುತ್ತಾರೆ. ಆದರೆ ಮಕ್ಕಳಾಗುವ ವಯಸ್ಸಿನ ಮಹಿಳೆಯರಲ್ಲಿ ಗಾತ್ರ ನೋಡುತ್ತ ಕೂರುವುದಿಲ್ಲ, ಏಕೆಂದರೆ ಗರ್ಭಿಣಿಯಲ್ಲಿ ಅದು ಒಡೆದರೆ ತಾಯಿ-ಮಗು ಇಬ್ಬರೂ ಉಳಿಯುವುದು ಕಷ್ಟ. ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ ಜೀರ್ಣರಸ ಸೋರಿ ನಾಳದ ಗೋಡೆಯನ್ನು ಕೊರೆದಾಗ ಉಂಟಾಗುವ ಹುಸಿ ಅನ್ಯೂರಿಸಂಗೂ ಗಾತ್ರದ ರಿಯಾಯಿತಿ ಇಲ್ಲ.

ಇಂದು ಬಹುಪಾಲು ಚಿಕಿತ್ಸೆ ಹೊಟ್ಟೆ ಕೊಯ್ಯದೆಯೇ ನಡೆಯುತ್ತದೆ. ತೊಡೆಸಂದಿಯ ಅಪಧಮನಿಗೆ ಸೂಜಿ ಚುಚ್ಚಿ, ಅದರ ಮೂಲಕ ಕ್ಯಾತಿಟರ್ ಎಂಬ ತೆಳು ನಳಿಕೆ ತೂರಿಸಿ, ಎಕ್ಸ್-ರೇ ಪರದೆಯ ಮೇಲೆ ಬಣ್ಣದ ದ್ರವ ಹರಿಯುವುದನ್ನು ನೋಡುತ್ತ, ವೈದ್ಯರು ಸುಮಾರು ಒಂದು ಮಿಲಿಮೀಟರ್ ದಪ್ಪದ ಇನ್ನೊಂದು ನಳಿಕೆಯನ್ನು ಉಬ್ಬಿನವರೆಗೆ ಒಯ್ಯುತ್ತಾರೆ. ಅದರೊಳಗಿಂದ ನೇರವಾಗಿ ಸಾಗುವ ಪ್ಲಾಟಿನಂ ತಂತಿ ಹೊರಬಿದ್ದೊಡನೆ ಸುರುಳಿ ಸುತ್ತಿಕೊಳ್ಳುತ್ತದೆ. ಸುರುಳಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ.

ಎಲ್ಲಿ ಮುಚ್ಚಬೇಕು ಎಂಬುದರಲ್ಲಿಯೇ ಜಾಣ್ಮೆಯೆಲ್ಲ ಇರುವುದು. ಸಕಲೇಶಪುರದ ಕಾಫಿ ತೋಟದಲ್ಲಿ ಎರಡು ಕಡೆಯಿಂದ ನೀರು ಬರುವ ಸ್ಪ್ರಿಂಕ್ಲರ್ ಪೈಪು ಒಡೆದರೆ ಒಂದೇ ಗೇಟ್‌ವಾಲ್ ತಿರುಗಿಸಿ ಪ್ರಯೋಜನವಿಲ್ಲ, ಇನ್ನೊಂದು ಕಡೆಯ ನೀರು ಚಿಮ್ಮುತ್ತಲೇ ಇರುತ್ತದೆ. ಗುಲ್ಮಕ್ಕೆ ಜಠರದ ಕಡೆಯ ಸಣ್ಣ ನಾಳಗಳಿಂದಲೂ ರಕ್ತ ಬರುವುದರಿಂದ ಉಬ್ಬಿನ ಹಿಂದೆಯೂ ಮುಂದೆಯೂ ಸುರುಳಿ ಇಡಬೇಕಾಗುತ್ತದೆ. ಅದೇ ಸಣ್ಣ ನಾಳಗಳ ದಯೆಯಿಂದ ಮುಖ್ಯ ಅಪಧಮನಿ ಮುಚ್ಚಿದರೂ ಗುಲ್ಮ ಬಹುಮಟ್ಟಿಗೆ ಉಳಿಯುತ್ತದೆ. ಸಣ್ಣ ಕರುಳಿನ ಮುಖ್ಯ ಅಪಧಮನಿಗೆ ಈ ಅನುಕೂಲವಿಲ್ಲ. ಅದನ್ನು ಮುಚ್ಚಿದರೆ ಕರುಳು ಕೊಳೆಯುವ ಭಯವಿರುವುದರಿಂದ, ಸಾಧ್ಯವಾದಲ್ಲಿ ಹೊದಿಕೆಯುಳ್ಳ ಸ್ಟೆಂಟ್ ಕೂರಿಸಿ, ಉಬ್ಬಿಗೆ ರಕ್ತ ತಪ್ಪಿಸಿ ಹರಿವನ್ನು ಉಳಿಸಿಕೊಳ್ಳುತ್ತಾರೆ. ಯಕೃತ್ತಿಗೆ ಮುಕ್ಕಾಲು ಪಾಲು ರಕ್ತ, ಕರುಳಿನ ಕಡೆಯಿಂದ ರಕ್ತ ತರುವ ಪೋರ್ಟಲ್ ಅಭಿಧಮನಿಯಿಂದ ಬರುವುದು ನಿಜವಾದರೂ, ಆ ಅಭಿಧಮನಿಯೇ ಕಟ್ಟಿಕೊಂಡಿದ್ದರೆ ಅಪಧಮನಿಯನ್ನು ಮುಚ್ಚುವುದು ಅಪಾಯ. ಹಾಗಾಗಿ ಒಳ್ಳೆಯ ಸಿ.ಟಿ. ಆಂಜಿಯೋಗ್ರಾಂ ಇಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ.

ಒಡೆದ ಮೇಲಿನ ಲೆಕ್ಕ ಬೇರೆ. ಗುಲ್ಮದ ಉಬ್ಬು ಒಡೆದಾಗ ಮೊದಲ ರಕ್ತ ಕೆಲವೊಮ್ಮೆ ಜಠರದ ಹಿಂದಿನ ಚೀಲದಂಥ ಜಾಗದಲ್ಲಿಯೇ ತಡೆದು ನಿಲ್ಲುತ್ತದೆ. ತಲೆ ತಿರುಗಿ ಬಿದ್ದವರು ಚೇತರಿಸಿಕೊಳ್ಳುತ್ತಾರೆ, ಕುಸಿದಿದ್ದ ಬಿ.ಪಿ. ಮೇಲೇರುತ್ತದೆ, ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗಿ ಮಲಗುವುದೂ ಉಂಟು. ಕೆಲವು ಗಂಟೆಗಳ ನಂತರ ಆ ತಡೆ ಮೀರಿ ರಕ್ತ ಇಡೀ ಹೊಟ್ಟೆಯೊಳಗೆ ನುಗ್ಗುತ್ತದೆ. ಇಂಥ ಚಿಕಿತ್ಸೆಗೆ ಮಲೆನಾಡಿನವರು ಹೆಚ್ಚಾಗಿ ಮಂಗಳೂರು ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೇ ಹೋಗಬೇಕಾಗುವುದರಿಂದ, ಮಳೆಗಾಲದ ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ಬಲ್ಲವರಿಗೆ ಆ ಕೆಲವು ಗಂಟೆ ಎಷ್ಟು ಕಡಿಮೆಯೆಂದು ಬಿಡಿಸಿ ಹೇಳಬೇಕಿಲ್ಲ. ರಕ್ತದೊತ್ತಡ ನಿಲ್ಲದ ರೋಗಿಗೆ ಹೊಟ್ಟೆ ತೆರೆದು ನಾಳ ಕಟ್ಟುವ, ಅಗತ್ಯಬಿದ್ದರೆ ಗುಲ್ಮವನ್ನೇ ತೆಗೆಯುವ ಹಳೆಯ ಶಸ್ತ್ರಚಿಕಿತ್ಸೆಯೇ ಈಗಲೂ ಆಸರೆಯಾಗಬಹುದು.

ಸುರುಳಿ ಇಟ್ಟ ಮೇಲೆ ಕೆಲವು ದಿನ ಜ್ವರ, ಎಡ ಪಕ್ಕೆಯ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಗುಲ್ಮದ ಒಂದು ಭಾಗಕ್ಕೆ ರಕ್ತ ಕಡಿಮೆಯಾದದ್ದರ ಫಲವದು. ಮುಚ್ಚಿದ ನಾಳ ಮತ್ತೆ ತೆರೆದುಕೊಳ್ಳುವುದೂ ಉಂಟಾದ್ದರಿಂದ ಮರುಸ್ಕ್ಯಾನ್ ತಪ್ಪಿಸಬಾರದು. ಸಿ.ಟಿ.ಯಲ್ಲಿ ಲೋಹದ ಸುತ್ತ ಬಿಳಿ ಗೆರೆಗಳು ಚಿಮ್ಮಿ ಚಿತ್ರ ಮಸುಕಾಗುತ್ತದೆ, ಅಂಥಲ್ಲಿ ಎಂ.ಆರ್. ಆಂಜಿಯೋಗ್ರಾಂ ಮಾಡಬಹುದು, ಪ್ಲಾಟಿನಂ ಅದಕ್ಕೆ ಅಡ್ಡಿಯಲ್ಲ.