ಮೊದಲು ಕಿರುಬೆರಳಿಗೆ ಜಾಗ ನೋಡಿ, ಆಮೇಲೆ ಗುಂಡು ಎಣಿಸಿ

ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಸಣ್ಣ ಪಿಸ್ತೂಲು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು, "ಮ್ಯಾಗಜೀನ್‌ನಲ್ಲಿ ಎಷ್ಟು ಗುಂಡು ಹಿಡಿಯುತ್ತೆ?" ಎಂದೇ. ಮ್ಯಾಗಜೀನ್ ಎಂದರೆ ಹಿಡಿಯೊಳಗೆ ಕೂರುವ, ಗುಂಡು ತುಂಬುವ ಡಬ್ಬಿ. ಊರಲ್ಲಿ ಜೋಡುನಳಿಗೆಯ ತೋಟಾ ಕೋವಿ ಕಂಡವರಿಗೆ ಹತ್ತು, ಹದಿನೈದು ಎಂಬ ಸಂಖ್ಯೆಗಳೇ ದೊಡ್ಡದಾಗಿ ಕಾಣುತ್ತವೆ. ಆದರೆ ಸೇರಿಸಿದ ಪ್ರತಿ ಗುಂಡಿಗೂ ಹಿಡಿ ಒಂದಿಷ್ಟು ಉದ್ದವಾಗಬೇಕು, ಇಲ್ಲವೇ ದಪ್ಪವಾಗಬೇಕು.

ಗ್ಲಾಕ್ ಕಂಪನಿಯ 43, 43ಎಕ್ಸ್, 19 ಎಂಬ ಮೂರು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2015ರಲ್ಲಿ ಬಂದ 43ರ ಎತ್ತರ 108 ಮಿ.ಮೀ., ಮ್ಯಾಗಜೀನ್‌ನಲ್ಲಿ 6 ಗುಂಡು. 2019ರ 43ಎಕ್ಸ್ 128 ಮಿ.ಮೀ., 10 ಗುಂಡು. ನಾಲ್ಕು ಗುಂಡಿಗೆ ಎರಡು ಸೆಂಟಿಮೀಟರ್ ಹೋಯಿತು. ಹಳೆಯ 19ರ ಎತ್ತರವೂ 128 ಮಿ.ಮೀ., ಆದರೆ ಅದರಲ್ಲಿ 15 ಗುಂಡು. ಈ ಹೆಚ್ಚಿನ ಐದು ಬಂದದ್ದು ದಪ್ಪದಿಂದ: 43ರಲ್ಲಿ ಗುಂಡುಗಳು ಒಂದರ ಮೇಲೊಂದು ಒಂಟಿ ಸಾಲಿನಲ್ಲಿವೆ, 19ರಲ್ಲಿ ಎಡಬಲ ಸರಿದು ಎರಡು ಸಾಲಾಗಿ ಕೂತಿವೆ. 2018ರಲ್ಲಿ ಸಿಗ್ ಸಾವರ್ ಕಂಪನಿಯ ಪಿ365 ನಡುವಿನ ದಾರಿ ಹಿಡಿಯಿತು. ಅದರ ಮ್ಯಾಗಜೀನ್ ಕೆಳಗೆ ಅಗಲ, ಮೇಲೆ ಹೋಗುತ್ತ ಒಂಟಿ ಸಾಲಿಗೆ ಇಳಿಯುತ್ತದೆ. ಹಾಗಾಗಿ ಹೆಚ್ಚುಕಡಿಮೆ 43ರ ಎತ್ತರದಲ್ಲೇ 10 ಗುಂಡು ಹಿಡಿಸಿತು. ಮರುವರ್ಷ ಸ್ಪ್ರಿಂಗ್‌ಫೀಲ್ಡ್‌ನ ಹೆಲ್‌ಕ್ಯಾಟ್ 11ರೊಂದಿಗೆ ಬಂತು. 2012ರಲ್ಲಿ 7 ಮತ್ತು 8 ಗುಂಡಿನ ಮ್ಯಾಗಜೀನ್ ಕೊಡುತ್ತಿದ್ದ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್, 2021ರಲ್ಲಿ ಶೀಲ್ಡ್ ಪ್ಲಸ್ ಆಗಿ 10 ಮತ್ತು 13ಕ್ಕೆ ಏರಿತು. ಇವತ್ತು ಹೊಸದಾಗಿ ಕೊಳ್ಳುವವರು 9 ಎಂ.ಎಂ. ಗುಂಡಿನ ಇಂಥ ಪಿಸ್ತೂಲುಗಳಲ್ಲಿ ಆರಕ್ಕೆ ತೃಪ್ತಿಪಡಬೇಕಾದ ಅಗತ್ಯ ಕಾಣುವುದಿಲ್ಲ.

ಬಟ್ಟೆಯೊಳಗೆ ಮುಚ್ಚಿಡಲು ಕಷ್ಟವಾಗುವುದು ನಳಿಗೆಯಲ್ಲ. ಅದು ಪ್ಯಾಂಟಿನೊಳಕ್ಕೆ ಇಳಿದುಹೋಗುತ್ತದೆ. ಸೊಂಟಪಟ್ಟಿಯ ಮೇಲೆ ಉಳಿಯುವ ಹಿಡಿಯ ಬುಡವೇ ಅಂಗಿಯನ್ನು ಹಿಂದಿನಿಂದ ಎತ್ತಿ ತೋರಿಸುವುದು. ಖಾಲಿ ಪಿಸ್ತೂಲನ್ನು ಹೋಲ್‌ಸ್ಟರ್‌ನಲ್ಲಿಟ್ಟು, ದಿನಾ ಹಾಕುವ ಬಟ್ಟೆಯಲ್ಲೇ ಶೂ ಲೇಸ್ ಕಟ್ಟಲು ಬಗ್ಗಿ, ಕಾರಿನಲ್ಲಿ ಕೂತು ಏಳಿ. ಎಲ್ಲಿ ಚುಚ್ಚುತ್ತದೆ, ಎಲ್ಲಿ ಉಬ್ಬುತ್ತದೆ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ಕೈ. ಹಿಡಿ ಗಿಡ್ಡವಾದರೆ ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಆಗ ಪ್ರತಿ ಗುಂಡಿನ ಒದೆತಕ್ಕೂ ಪಿಸ್ತೂಲು ಅಂಗೈಯಲ್ಲಿ ಚೂರು ತಿರುಗುತ್ತದೆ, ಪ್ರತಿ ಸಲವೂ ಹಿಡಿತ ಸರಿಮಾಡಿಕೊಳ್ಳಬೇಕು. ಹತ್ತು ಗುಂಡಿದ್ದೂ ಎರಡನೆಯದು ಎಲ್ಲೋ ಹೋಗುವುದಾದರೆ ಆ ಹತ್ತರಿಂದ ಏನು ಬಂತು? ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆಗೆ ಪಡೆದು, ಸಮತಟ್ಟು ತಳದ ಮ್ಯಾಗಜೀನ್‌ನಿಂದ ಐದು, ಕಿರುಬೆರಳಿಗೆ ಜಾಗ ಕೊಡುವ ಉದ್ದ ತಳದ್ದರಿಂದ ಐದು ಹಾರಿಸಿ, ಏಳು ಗಜದಲ್ಲಿ ಕಾಗದದ ಮೇಲಿನ ತೂತುಗಳನ್ನು ಹೋಲಿಸಿ. ಒಳ್ಳೆಯ ಹೊಂದಾಣಿಕೆ ಒಂದಿದೆ: ಗಿಡ್ಡದ್ದು ಪಿಸ್ತೂಲಿನಲ್ಲಿ, ಉದ್ದದ್ದು ಜೊತೆಗೆ. ಪಿ365ಕ್ಕೆ 12 ಮತ್ತು 15 ಗುಂಡಿನವು ಸಿಗುತ್ತವೆ. ಅಂಗೈ ದಪ್ಪಗಿದ್ದರೆ ಇನ್ನೊಂದು ಸಂಗತಿ ನೋಡಿಕೊಳ್ಳಿ: ಗಿಡ್ಡ ಹಿಡಿಯಲ್ಲಿ ಮ್ಯಾಗಜೀನ್ ಬದಲಿಸುವಾಗ ಅಂಗೈಯ ಮಾಂಸ ತಳಕ್ಕೂ ಚೌಕಟ್ಟಿಗೂ ನಡುವೆ ಸಿಕ್ಕಿ ಚಿವುಟುತ್ತದೆ, ಮ್ಯಾಗಜೀನ್ ಪೂರ್ತಿ ಕೂರುವುದೇ ಇಲ್ಲ.

ತೂಕವನ್ನೂ ಮರೆಯಬೇಡಿ. 115 ಗ್ರೇನ್ (ಸುಮಾರು 7.5 ಗ್ರಾಂ) ತೂಕದ ಮೂತಿಯ ಒಂದು ತೋಟಾ, ಮದ್ದು ಕೊಳವೆ ಸೇರಿ ಸುಮಾರು 12 ಗ್ರಾಂ. ಹದಿನೈದಕ್ಕೆ 180 ಗ್ರಾಂ, ಒಂದು ಮೊಬೈಲ್‌ನಷ್ಟು.

ಈ ಲೆಕ್ಕವನ್ನೆಲ್ಲ ಕಾನೂನು ಒಂದೇ ಏಟಿಗೆ ಬದಲಿಸಬಹುದು. ಕ್ಯಾಲಿಫೋರ್ನಿಯ, ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ಮಿತಿ 10 ಗುಂಡು. ಕೊಲೊರಾಡೊದಲ್ಲಿ 15. ವಾಷಿಂಗ್ಟನ್ ರಾಜ್ಯದಲ್ಲಿ 10ಕ್ಕಿಂತ ಹೆಚ್ಚಿನದರ ಮಾರಾಟ 2022ರ ಜುಲೈಯಿಂದ ನಿಂತಿದೆ. ಟೆಕ್ಸಾಸ್, ಪೆನ್ಸಿಲ್ವೇನಿಯಗಳಲ್ಲಿ ಮಿತಿ ಇಲ್ಲ. ಪೆನ್ಸಿಲ್ವೇನಿಯದಲ್ಲಿ ಸಲೀಸಾಗಿ ಕೊಂಡ 15ರ ಮ್ಯಾಗಜೀನ್ ಡೆಲವೇರ್ ನದಿ ದಾಟಿ ನ್ಯೂಜೆರ್ಸಿಗೆ ಬಂದರೆ ಅಪರಾಧದ ವಸ್ತು. ಕೋರ್ಟು ತೀರ್ಪುಗಳಿಂದ ಈ ಮಿತಿಗಳು ಅಲುಗಾಡುತ್ತಿರುತ್ತವೆ, ಕೊಳ್ಳುವ ವಾರವೇ ಮತ್ತೊಮ್ಮೆ ನೋಡಿ. ಹತ್ತರ ಮಿತಿಯ ರಾಜ್ಯದಲ್ಲಿ 19ನ್ನು ಕೊಂಡರೆ 15ರ ಜಾಗದಲ್ಲಿ 10 ಗುಂಡು, ದಪ್ಪ ಮಾತ್ರ ಪೂರ್ತಿ ನಿಮ್ಮದು. ಅಲ್ಲಿ ಹತ್ತಕ್ಕೆಂದೇ ರೂಪಿಸಿದ 43ಎಕ್ಸ್ ಅಥವಾ ಪಿ365 ಕೊಳ್ಳುವುದು ಜಾಣತನ.

ನಮ್ಮವರು ಇದಕ್ಕೂ ಮೊದಲು ವೀಸಾ ನೋಡಿಕೊಳ್ಳಬೇಕು. ಎಚ್-1ಬಿಯಂಥ ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ, ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಬಿಟ್ಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಭಾರತದಲ್ಲಂತೂ 9 ಎಂ.ಎಂ. ಸಾಮಾನ್ಯ ಲೈಸೆನ್ಸ್‌ದಾರರಿಗೆ ನಿಷಿದ್ಧ ಬೋರ್ (ನಳಿಗೆಯ ಅಳತೆ), ಈ ಚರ್ಚೆ ಅಲ್ಲಿಗೆ ಅನ್ವಯಿಸದು.

ಪಿಸ್ತೂಲಿನಲ್ಲಿ ಹೆಚ್ಚು ಕೈಕೊಡುವ ಭಾಗವೂ ಮ್ಯಾಗಜೀನೇ. ತುಟಿಗಳು, ಅಂದರೆ ಮೇಲಿನ ಗುಂಡನ್ನು ಹಿಡಿದಿಡುವ ಎರಡು ಅಂಚುಗಳು, ಬಿದ್ದು ಬಾಗಿದರೆ ಗುಂಡು ಓರೆಯಾಗಿ ಸಿಕ್ಕಿಬೀಳುತ್ತದೆ. ಸ್ಪ್ರಿಂಗ್ ಸೋತರೆ ಗುಂಡಿನ ಮೂತಿ ಕೆಳಗೆ ಕುಸಿದು ಮುಂಗೋಡೆಗೆ ಗುದ್ದುತ್ತದೆ, ಕೊನೆಯ ಗುಂಡಿನ ನಂತರ ಸ್ಲೈಡ್, ಅಂದರೆ ಹಾರಿಸಿದಾಗ ಹಿಂದೆ ಮುಂದೆ ಸರಿಯುವ ಮೇಲಿನ ಭಾಗ, ಹಿಂದೆ ನಿಲ್ಲುವುದಿಲ್ಲ. ಸ್ಪ್ರಿಂಗ್ ಸವೆಯುವುದು ಹೆಚ್ಚಾಗಿ ತುಂಬಿ ಖಾಲಿಮಾಡುವ ಕೆಲಸದಿಂದ. ಒಳ್ಳೆಯ ಸ್ಪ್ರಿಂಗ್ ಬರೀ ತುಂಬಿಟ್ಟಿದ್ದಕ್ಕೆ ಬೇಗ ಸೋಲುವುದಿಲ್ಲ. ಎರಡು ಗುಂಡು ಹೆಚ್ಚಿಸುವ ತಳದ ತುಂಡನ್ನು ಹಳೆಯ ಸ್ಪ್ರಿಂಗ್ ಮೇಲೇ ಹಾಕಿದರೆ ತೊಂದರೆ ಕೊಂಡು ತಂದಂತೆ. 43ಎಕ್ಸ್‌ಗೆ ಬೇರೆ ಕಂಪನಿಯವರು ಮಾಡುವ 15 ಗುಂಡಿನ ಉಕ್ಕಿನ ಮ್ಯಾಗಜೀನ್ ಹಾಕುವವರಿದ್ದಾರೆ. ಉಕ್ಕು ಮ್ಯಾಗಜೀನ್ ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿಯನ್ನು ಸವೆಸುವುದರಿಂದ ಕೊಂಡಿಯನ್ನೂ ಲೋಹದ್ದಕ್ಕೆ ಬದಲಿಸಬೇಕು. ಜೀವಕ್ಕೆ ನೆಚ್ಚುವ ಪಿಸ್ತೂಲಿಗೆ ನಾವು ಕಾರ್ಖಾನೆಯದ್ದನ್ನೇ ಹೇಳುತ್ತೇವೆ. ಎರಡನೇ ಮ್ಯಾಗಜೀನ್ ಜೊತೆಗಿಡಿ ಎನ್ನುವುದೂ ಗುಂಡಿನ ಆಸೆಗಲ್ಲ, ಮೊದಲನೆಯದು ಕೈಕೊಟ್ಟರೆ ಕಿತ್ತು ಹಾಕಲು.

ಪೂರ್ತಿ ತುಂಬಿದ ಹೊಸ ಮ್ಯಾಗಜೀನ್ ಮುಚ್ಚಿದ ಸ್ಲೈಡ್ ಕೆಳಗೆ ಸುಲಭಕ್ಕೆ ಕೂರುವುದಿಲ್ಲ, ಮೇಲಿನ ಗುಂಡು ಸ್ಲೈಡ್‌ನ ತಳಕ್ಕೆ ಒತ್ತುತ್ತದೆ. ಅಂಗೈಯಿಂದ ಬಲವಾಗಿ ತಟ್ಟಿ, ಆಮೇಲೆ ಕೆಳಕ್ಕೆ ಎಳೆದು ನೋಡಿ. ಅರ್ಧ ಕೂತದ್ದು ಮೊದಲ ಗುಂಡು ಹಾರಿದೊಡನೆ ನೆಲಕ್ಕೆ ಬೀಳಬಹುದು.

"10+1" ಎಂಬ ಬರಹದ ಆ ಒಂದು ಇರುವುದು ಚೇಂಬರ್‌ನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ. ಸ್ಲೈಡ್ ಎಳೆದು ಬಿಟ್ಟು ಮೇಲಿನದನ್ನು ಚೇಂಬರ್‌ಗೆ ಕಳಿಸಿ, ಮ್ಯಾಗಜೀನ್ ತೆಗೆದು ಅದಕ್ಕೆ ಇನ್ನೊಂದು ಗುಂಡು ತುಂಬುತ್ತಾರೆ, ಮತ್ತೆ ಹಾಕುತ್ತಾರೆ. ಪ್ರತಿ ರಾತ್ರಿ ಬಿಚ್ಚಿ ಬೆಳಗ್ಗೆ ಅದೇ ಗುಂಡನ್ನು ಚೇಂಬರ್‌ಗೆ ಕಳಿಸುವವರಿಗೆ ಅಪಾಯವೊಂದಿದೆ. ಸಲಸಲಕ್ಕೂ ಚೇಂಬರ್ ಬಾಯಿಯ ಇಳಿಜಾರಿಗೆ ಬಡಿದು ಸೀಸದ ಮೂತಿ ಹಿತ್ತಾಳೆ ಕೊಳವೆಯೊಳಕ್ಕೆ ಸರಿಯುತ್ತದೆ, ಒಳಗಿನ ಜಾಗ ಕುಗ್ಗಿ ಸಿಡಿದಾಗ ಒತ್ತಡ ಮಿತಿಮೀರುತ್ತದೆ. ಪೆಟ್ಟಿಗೆಯಿಂದ ಹೊಸದೊಂದನ್ನು ತೆಗೆದು ಪಕ್ಕದಲ್ಲಿ ನಿಲ್ಲಿಸಿ. ಗಿಡ್ಡವಾಗಿದ್ದು ಕಣ್ಣಿಗೆ ಕಂಡರೆ ಅದನ್ನು ಮತ್ತೆ ಬಳಸಬೇಡಿ.

ಕನಿಷ್ಠ ಮೂರು ಮ್ಯಾಗಜೀನ್‌ಗೆ ಹಣ ಎತ್ತಿಟ್ಟು ಪಿಸ್ತೂಲು ಕೊಳ್ಳಿ. ತಳದಲ್ಲಿ ಪೇಂಟ್ ಪೆನ್ನಿನಿಂದ 1, 2, 3 ಎಂದು ಬರೆಯಿರಿ. ಇನ್ನೂರು ಸಾದಾ ಗುಂಡು, ಐವತ್ತು ರಕ್ಷಣೆಗೆಂದು ಇಡುವ ಗುಂಡನ್ನು ಮೂರಕ್ಕೂ ಹಂಚಿ ಹಾರಿಸಿ, ಸಿಕ್ಕಿಬಿದ್ದದ್ದೆಲ್ಲ ಯಾವ ನಂಬರಿನಲ್ಲಿ ಎಂದು ಗುರುತು ಹಾಕಿಕೊಳ್ಳಿ. ಒಂದೇ ನಂಬರ್ ಎರಡು ಸಲ ಬಂದರೆ ಅದನ್ನು ಅಭ್ಯಾಸದ ಚೀಲಕ್ಕೆ ಸೇರಿಸಿ. ಬಿಚ್ಚಿ ಒರೆಸುವಾಗ ಸ್ಪ್ರಿಂಗ್‌ನ ಯಾವ ತುದಿ ಮೇಲಿತ್ತು ಎಂದು ನೋಡಿಕೊಳ್ಳಿ, ಒಳಗೆ ಎಣ್ಣೆ ಹಾಕಬೇಡಿ. ಜೇಬಿನ ಹೊಟ್ಟು, ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುವುದು.