ತಾಮ್ರಕ್ಕೆ ಹೊತ್ತು ಬೇಕು, ಜಕೂಝಿಯಲ್ಲಿ ಅಷ್ಟು ಹೊತ್ತಿಲ್ಲ

"ಕಾಪರ್ ಅಯೋನೈಸರ್ ಹಾಕಿಸಿದ್ದೀವಲ್ಲ ಸರ್, ಇನ್ನು ಕ್ಲೋರಿನ್ ಯಾಕೆ?" ಹೋಂಸ್ಟೇ ಮಾಲೀಕರಿಂದ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿವರೆಗೆ ಜಕೂಝಿ (ಜೆಟ್‌ಗಳು ಗುಳ್ಳೆ ಎಬ್ಬಿಸುವ ಬಿಸಿನೀರಿನ ತೊಟ್ಟಿ) ಇರುವ ಎಲ್ಲರೂ ಇದನ್ನೇ ಕೇಳುತ್ತಾರೆ. ಅಯೋನೈಸರ್ ಅಂದರೆ ವಿದ್ಯುತ್ತಿನಿಂದ ನೀರಿಗೆ ಚೂರುಚೂರೇ ತಾಮ್ರ ಬಿಡುವ ಮೆಷಿನ್. ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಮಾತೂ ಬರುತ್ತದೆ: "ನಮ್ಮಜ್ಜಿ ತಾಮ್ರದ ಚೊಂಬಿನ ನೀರನ್ನೇ ಕುಡೀತಿದ್ರು, ಏನೂ ಆಗ್ಲಿಲ್ಲ."

ಅಜ್ಜಿ ಮಾಡಿದ್ದು ಸರಿ. ಬೆಂಗಳೂರಿನ ಸಂಶೋಧಕರು ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಕಾಲರಾ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ ಇಟ್ಟರು. ಆಮೇಲೆ ಆ ನೀರಿನಿಂದ ಬ್ಯಾಕ್ಟೀರಿಯಾ ಬೆಳೆಸಲು ನೋಡಿದರೆ ಒಂದೂ ಬೆಳೆಯಲಿಲ್ಲ. ಎಷ್ಟು ಹೊತ್ತು ಇಟ್ಟಿದ್ದರು ಅಂತ ಮಾತ್ರ ಯಾರೂ ಕೇಳುವುದಿಲ್ಲ. 16 ಗಂಟೆ!

ಚೊಂಬಿನ ನೀರು ರಾತ್ರಿಯಿಡೀ ಸುಮ್ನೆ ಕೂತಿರುತ್ತದೆ. ಅದರೊಳಗೆ ಯಾರೂ ಇಳಿಯುವುದಿಲ್ಲ. ನಿಮ್ಮ ಜಕೂಝಿಯಲ್ಲಿ ಇರೋದು ಸಾವಿರ, ಸಾವಿರದೈನೂರು ಲೀಟರ್ ಬೆಚ್ಚಗಿನ ನೀರು. ನಾಲ್ಕು ಜನ ಒಟ್ಟಿಗೆ ಇಳಿಯುತ್ತಾರೆ. ಒಬ್ಬರ ಮೈಮೇಲಿನ ಕ್ರಿಮಿ ಪಕ್ಕದವರನ್ನು ತಲುಪಲು ಒಂದು ನಿಮಿಷವೂ ಬೇಡ. ತಾಮ್ರ ಅದನ್ನು ಕೊಲ್ಲುತ್ತದೆ, ನಿಜ. ಆದರೆ ಅಷ್ಟರಲ್ಲಿ ಅತಿಥಿಗಳು ಊಟ ಮುಗಿಸಿ ಮಲಗಿರುತ್ತಾರೆ. ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಸರಿಯಿದ್ದರೆ ಕ್ಲೋರಿನ್ ಹೆಚ್ಚಿನ ಬ್ಯಾಕ್ಟೀರಿಯಾಗಳನ್ನು ನಿಮಿಷಗಳಲ್ಲೇ ಮುಗಿಸುತ್ತದೆ. ಎರಡೂ ಕ್ರಿಮಿ ಕೊಲ್ಲುತ್ತವೆ, ಆದರೆ ಬೇಗ ಕೊಲ್ಲುವುದು ಒಂದೇ. ನಾನು ಮತ್ತೆ ಮತ್ತೆ ಹೇಳೋದು ಇಷ್ಟನ್ನೇ.

ಜೊತೆಗೆ, ಕ್ಲೋರಿನ್‌ನಂತೆ ತಾಮ್ರ ಕೊಳೆಯನ್ನು ಸುಡುವುದಿಲ್ಲ, ಅಂದರೆ ಒಡೆದು ಹಾಕುವುದಿಲ್ಲ. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಮಕ್ಕಳ ಮೂತ್ರ ಎಲ್ಲ ನೀರಿನಲ್ಲೇ ಉಳಿಯುತ್ತವೆ. ತಾಮ್ರ ತುಂಬಾ ಚೆನ್ನಾಗಿ ಮಾಡುವ ಕೆಲಸ ಪಾಚಿ ತಡೆಯುವುದು. ಹಾಗಾಗಿ ನೀರು ತಿಳಿಯಾಗಿ ಕಾಣುತ್ತದೆ, ಮಾಲೀಕರು ಅದನ್ನೇ ನಂಬುತ್ತಾರೆ.

ಚಿಕ್ಕಮಗಳೂರು ಕಡೆಯ ಒಂದು ರೆಸಾರ್ಟಿನಿಂದ ಒಮ್ಮೆ ಕರೆ ಬಂತು. ಒಂದು ಕುಟುಂಬ ಮನೆಗೆ ಮರಳಿದ ಮೇಲೆ ಎಲ್ಲರ ಮೈಮೇಲೂ ಕೆಂಪು ಗುಳ್ಳೆಗಳು. ಈಜುಡುಗೆ ಮೈಗೆ ಅಂಟಿದ್ದ ಕಡೆಯೇ ಜಾಸ್ತಿ. ತೋಟದ ಹುಳ ಕಚ್ಚಿರಬೇಕು ಅಂತ ಮ್ಯಾನೇಜರ್ ಹೇಳಿದರು. ನೀರು ಗಾಜಿನಂತಿತ್ತು. ಪರೀಕ್ಷಿಸಿದೆ: ಪಿಎಚ್ 8ರ ಮೇಲೆ, ತಾಮ್ರ ಬೇಕಾದ್ದರ ದುಪ್ಪಟ್ಟು, ಕ್ಲೋರಿನ್ ಸೊನ್ನೆ. ಚರ್ಮದ ಕಾಯಿಲೆ ಹೇಳಬೇಕಾದವರು ಡಾಕ್ಟರು, ನಾನಲ್ಲ. ಆದರೆ ಬಿಸಿನೀರಿನ ತೊಟ್ಟಿಯಲ್ಲಿ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆದರೆ ಇಂಥದ್ದೇ ಗುಳ್ಳೆ ಏಳುತ್ತದೆ ಅನ್ನೋದು ನಮ್ಮ ಕೆಲಸದವರಿಗೆಲ್ಲ ಗೊತ್ತು.

ತಾಮ್ರ ದುಪ್ಪಟ್ಟಾಗಿದ್ದು ಹೇಗೆ? ನೀರು ಸ್ವಲ್ಪ ಮಂಕಾದಾಗಲೆಲ್ಲ ಯಾರೋ ಮೆಷಿನ್ ಜಾಸ್ತಿ ಮಾಡಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಾಮ್ರ 0.2ರಿಂದ 0.4 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಸಾಕು. ಜೆಟ್ ಗುಳ್ಳೆಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ತಾನಾಗಿಯೇ ಏರುತ್ತಿರುತ್ತದೆ. ಏರಿದ ಪಿಎಚ್‌ನಲ್ಲಿ ಹೆಚ್ಚಾದ ತಾಮ್ರದ ಒಂದು ಪಾಲು ನೀರಿನಲ್ಲಿ ನಿಲ್ಲುವುದಿಲ್ಲ, ತೊಟ್ಟಿಗೆ ನೀಲಿ-ಹಸಿರು ಕಲೆಯಾಗಿ ಕೂರುತ್ತದೆ. ಬಿಳಿ ಕೂದಲು ಹಸಿರಾಗುವುದೂ ತಾಮ್ರದಿಂದಲೇ. ಬೈಗುಳ ಮಾತ್ರ ಕ್ಲೋರಿನ್‌ಗೆ.

ಮೆಷಿನ್ ಕಿತ್ತುಹಾಕಿ ಅಂತ ನಾನು ಹೇಳುತ್ತಿಲ್ಲ. ಇರಲಿ, ಒಳ್ಳೆಯ ಸಹಾಯಕ ಅದು. ಬೋರ್‌ವೆಲ್ ನೀರಾದರೆ ಮೆಷಿನ್ನಿನ ಎಲೆಕ್ಟ್ರೋಡಿನ (ತಾಮ್ರ ಬಿಡುವ ಲೋಹದ ತುಂಡು) ಮೇಲೆ ಸುಣ್ಣ ಕಟ್ಟುತ್ತದೆ, ಆಗಾಗ ತೆಗೆದು ತೊಳೆಯಿರಿ. ಮನೆಯವರಷ್ಟೇ ಬಳಸುವ ತೊಟ್ಟಿಗೆ ಕಡಿಮೆ ಕ್ಲೋರಿನ್ ಸಾಕು ಅಂತ ಕೆಲವು ಕಂಪನಿಗಳು ಹೇಳುತ್ತವೆ, ಕೈಪಿಡಿ ನೋಡಿಕೊಳ್ಳಿ. ಅತಿಥಿಗಳು ಬರುವ ತೊಟ್ಟಿಗೆ ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿ ಕ್ಲೋರಿನ್ 3 ಪಿಪಿಎಂಗಿಂತ ಇಳಿಯಬಾರದು, ಪಿಎಚ್ 7.2ರಿಂದ 7.8ರ ಒಳಗಿರಬೇಕು. ವಾಸನೆಯ ಭಯ ಬೇಡ. ಮೂಗಿಗೆ ಹೊಡೆಯುವ ಆ ವಾಸನೆ ಹೆಚ್ಚಾಗಿ ಬರುವುದು ಕ್ಲೋರಿನ್ ಕೊಳೆಯ ಜೊತೆ ಸೇರಿ ಸವೆದುಹೋದಾಗ.

ತೊಟ್ಟಿ ನೋಡಿಕೊಳ್ಳುವ ಹುಡುಗರು ಶ್ರದ್ಧೆಯವರು. ಬೆಳಗ್ಗೆ ಆರಕ್ಕೇ ಎದ್ದು ಎಲೆ ತೆಗೆಯುತ್ತಾರೆ, ಆದರೆ ಅವರ ಕೈಗೆ ಟೆಸ್ಟ್ ಕಿಟ್ ಯಾರೂ ಕೊಟ್ಟಿರುವುದಿಲ್ಲ. ಕ್ಲೋರಿನ್‌ಗೆ ಒಂದು, ತಾಮ್ರಕ್ಕೆ ಬೇರೆಯದೇ ಒಂದು ಕಿಟ್ ಕೊಡಿಸಿ. ಕ್ಲೋರಿನ್ ಸೊನ್ನೆ ತೋರಿಸಿದ ದಿನ ಅತಿಥಿಗಳಿಗೆ "ಇವತ್ತು ಬೇಡ ಸರ್" ಅನ್ನುವ ಅಧಿಕಾರವನ್ನೂ ಕೊಡಿ.