ಟ್ರೆಷರಿ ಬಿಲ್‌ಗೆ ಹಣ ಹಾಕಬಹುದಾ, ಎಫ್‌ಡಿನೇ ಸಾಕಾ?

ಪ್ರಶ್ನೆ: ಅಡಿಕೆ ಮಾರಿದ ದುಡ್ಡು ಸುಮಾರು 4 ಲಕ್ಷ ಎಸ್‌ಬಿ ಖಾತೆಯಲ್ಲಿ ಸುಮ್ನೆ ಬಿದ್ದಿದೆ. ಮಗಳ ಇಂಜಿನಿಯರಿಂಗ್ ಫೀಸು ಕಟ್ಟೋಕೆ ಇನ್ನೂ ಏಳು ತಿಂಗಳಿದೆ. ಸ್ನೇಹಿತರೊಬ್ಬರು ಸರ್ಕಾರದ ಟ್ರೆಷರಿ ಬಿಲ್ ತಗೋ ಅಂತಾರೆ. ಮನೆಯವರು ಊರಿನ ಸೌಹಾರ್ದ ಸಹಕಾರಿ ಸಂಘದಲ್ಲಿ ಬಡ್ಡಿ ಜಾಸ್ತಿ, ಅಲ್ಲಿಡಿ ಅಂತಾರೆ. ನನಗೆ ಗೊತ್ತಿರೋದು ಎಫ್‌ಡಿ ಒಂದೇ. ಯಾವುದು ಸರಿ?

ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಎಷ್ಟೋ ಸಲ ಬಂದಿದೆ. ಅಡಿಕೆ ಬದಲು ಪಿಎಫ್ ದುಡ್ಡು ಇರುತ್ತದೆ, ಫೀಸಿನ ಬದಲು ಮನೆ ಕಟ್ಟೋ ಕೆಲಸ ಇರುತ್ತದೆ. ಎಲ್ಲರ ಕಷ್ಟ ಒಂದೇ: ದುಡ್ಡು ಬೇಕಾಗೋದು ಇವತ್ತಲ್ಲ, ಆದರೆ ಬೇಕಾಗುವ ದಿನ ಗೊತ್ತಿದೆ. ಅಲ್ಲಿವರೆಗೆ ಅದನ್ನು ಎಲ್ಲಿ ಕೂರಿಸೋದು? ಟ್ರೆಷರಿ ಬಿಲ್ ಇರುವುದೇ ಇಂಥ ದುಡ್ಡಿಗೆ. ಹಾಗಂತ ಎಲ್ಲರೂ ಎಫ್‌ಡಿ ಬಿಟ್ಟು ಇದಕ್ಕೆ ಓಡಬೇಕಾಗಿಲ್ಲ.

ಮೊದಲು ಇದು ಏನು ಅಂತ ನೋಡೋಣ. ನೀವು ಚೀಟಿ ಹಾಕಿದ್ದರೆ ಅರ್ಧ ಅರ್ಥವಾದ ಹಾಗೆ. ಚೀಟಿ ಕೂಗುವಾಗ ದುಡ್ಡಿನ ಅರ್ಜೆಂಟ್ ಇದ್ದವರು ಏನು ಮಾಡುತ್ತಾರೆ? ಒಂದು ಲಕ್ಷದ ಚೀಟಿಯನ್ನು ಎಂಬತ್ತೈದು ಸಾವಿರಕ್ಕೆ ಎತ್ತುತ್ತಾರೆ. ಈಗ ಕಡಿಮೆ ಕೈಗೆ ಬಂದರೂ ಪರವಾಗಿಲ್ಲ, ಆಮೇಲೆ ಪೂರ್ತಿ ಕಟ್ಟುತ್ತೇನೆ ಅಂತ. ಟ್ರೆಷರಿ ಬಿಲ್‌ನಲ್ಲಿ ಆ ಅರ್ಜೆಂಟ್ ಇರುವುದು ಕೇಂದ್ರ ಸರ್ಕಾರಕ್ಕೆ. ತೆರಿಗೆ ಬರುವ ದಿನವೂ ಸಂಬಳ ಕೊಡುವ ದಿನವೂ ಹೊಂದುವುದಿಲ್ಲ, ನಮ್ಮ ಮನೆಯ ಹಾಗೇ. ಆಗ ಸರ್ಕಾರ ‘ಇಷ್ಟು ದಿನ ಬಿಟ್ಟು 100 ರೂಪಾಯಿ ಕೊಡುತ್ತೇನೆ’ ಎಂಬ ಪತ್ರವನ್ನು ಹರಾಜಿಗೆ ಇಡುತ್ತದೆ. ಕೊಳ್ಳುವವರು 97, 98 ಹೀಗೆ ಕಡಿಮೆ ಬೆಲೆಗೆ ಕೊಳ್ಳುತ್ತಾರೆ. ಅವಧಿ ಮುಗಿದಾಗ ಪೂರ್ತಿ 100 ಸಿಗುತ್ತದೆ. ನಡುವಿನ ಅಂತರವೇ ನಿಮ್ಮ ಲಾಭ. ತಿಂಗಳಿಗೋ ಮೂರು ತಿಂಗಳಿಗೋ ಬಡ್ಡಿ ಅಂತ ಪ್ರತ್ಯೇಕವಾಗಿ ಏನೂ ಬರುವುದಿಲ್ಲ.

ಅವಧಿ ಮೂರು ಥರ: 91 ದಿನ, 182 ದಿನ, 364 ದಿನ. ಇದೇನು ವಿಚಿತ್ರ ಲೆಕ್ಕ, 90, 180, 365 ಅಂತ ಇಡಬಾರದಿತ್ತಾ ಅಂತ ನನಗೂ ಅನಿಸಿತ್ತು. ಏಳರಿಂದ ಭಾಗಿಸಿ ನೋಡಿ. 13 ವಾರ, 26 ವಾರ, 52 ವಾರ, ಸರಿಯಾಗಿ ಕೂರುತ್ತದೆ. ಸಾಮಾನ್ಯವಾಗಿ ಬುಧವಾರ ರಿಸರ್ವ್ ಬ್ಯಾಂಕ್ ಹರಾಜು ನಡೆಸುತ್ತದೆ, ಗುರುವಾರ ಬಿಲ್ ನಿಮ್ಮ ಖಾತೆಗೆ ಬರುತ್ತದೆ. ವಾರಗಳ ಲೆಕ್ಕವಾದ್ದರಿಂದ ಅದು ಮುಗಿಯುವುದೂ ಗುರುವಾರವೇ. ಹಳೆ ಬಿಲ್‌ನ ದುಡ್ಡು ಕೈಗೆ ಬರುವ ದಿನವೇ ಹೊಸ ಬಿಲ್ ಹುಟ್ಟುತ್ತದೆ.

ಇದೇನೂ ಹೊಸ ಸಾಮಾನಲ್ಲ. ನಮ್ಮ ದೇಶದಲ್ಲಿ ಟ್ರೆಷರಿ ಬಿಲ್ ಶುರುವಾಗಿದ್ದು 1917ರಲ್ಲಿ, ಮೊದಲ ಮಹಾಯುದ್ಧದ ಖರ್ಚಿನ ಕಾಲದಲ್ಲಿ. ಆದರೆ ನಮ್ಮ ಅಪ್ಪ, ತಾತ ಇದರ ಹೆಸರನ್ನೇ ಕೇಳಿರಲಿಲ್ಲ. ಕೇಳಿದ್ದರೂ ಪ್ರಯೋಜನ ಇರಲಿಲ್ಲ ಅನ್ನಿ. 1974ರಿಂದ ಬಹಳ ವರ್ಷ ಇದರ ದರವನ್ನು 4.6 ಪರ್ಸೆಂಟಿಗೆ ಕಟ್ಟಿಹಾಕಿದ್ದರು. ಬೆಲೆ ಏರಿಕೆಯ ಮುಂದೆ ಅದು ಯಾವ ಮೂಲೆಗೆ? ತೊಂಬತ್ತರ ದಶಕದಲ್ಲಿ ಹರಾಜು ಪದ್ಧತಿ ಬಂದ ಮೇಲೆ ದರ ಮಾರುಕಟ್ಟೆಯ ಪ್ರಕಾರ ಏರಿಳಿಯಲು ಶುರುವಾಯಿತು. ಆಗಲೂ ಇದು ಮುಖ್ಯವಾಗಿ ಬ್ಯಾಂಕು, ಇನ್ಶೂರೆನ್ಸ್ ಕಂಪನಿ, ಮ್ಯೂಚುವಲ್ ಫಂಡ್‌ಗಳ ಆಟ. ರಾಜ್ಯ ಸರ್ಕಾರಗಳೂ ತಮ್ಮಲ್ಲಿ ಉಳಿದ ಹಣವನ್ನು ಇದರಲ್ಲಿ ಇಡುತ್ತವೆ. ನಮ್ಮ ನಿಮ್ಮಂಥವರಿಗೆ ಬಾಗಿಲು ಸಲೀಸಾಗಿ ತೆರೆದದ್ದು 2021ರ ನವೆಂಬರ್‌ನಲ್ಲಿ, ಜನ ಸರ್ಕಾರದ ಪತ್ರಗಳನ್ನು ಆನ್‌ಲೈನ್‌ನಲ್ಲಿ ನೇರವಾಗಿ ಕೊಳ್ಳಲು ರಿಸರ್ವ್ ಬ್ಯಾಂಕ್ ಮಾಡಿದ ‘ಆರ್‌ಬಿಐ ರಿಟೇಲ್ ಡೈರೆಕ್ಟ್’ ಯೋಜನೆ ಶುರುವಾದಾಗ. 2024ರ ಮೇನಲ್ಲಿ ಅದರ ಮೊಬೈಲ್ ಆ್ಯಪ್ ಕೂಡ ಬಂತು.

ಈಗ ದುಡ್ಡಿನ ಲೆಕ್ಕ. ನಿಮ್ಮ 4 ಲಕ್ಷದಲ್ಲಿ ಫೀಸಿಗೆ 2 ಲಕ್ಷ ಬೇಕು, ಅದಕ್ಕೆ 182 ದಿನದ ಬಿಲ್ ತೆಗೆದುಕೊಂಡಿರಿ ಅಂದುಕೊಳ್ಳಿ. ದರ ವರ್ಷಕ್ಕೆ 5.5 ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ. ಆಗ 100 ರೂಪಾಯಿಯ ಬಿಲ್ 97 ರೂಪಾಯಿ 33 ಪೈಸೆಗೆ ಸಿಗುತ್ತದೆ. ನಿಮ್ಮ ಖಾತೆಯಿಂದ ಹೋಗುವುದು 1,94,660. ಆರು ತಿಂಗಳಿಗೆ ವಾಪಸ್ ಬರುವುದು 2,00,000. ಉಳಿದದ್ದು 5,340.

ಅದೇ 1,94,660ನ್ನು ಎಸ್‌ಬಿ ಖಾತೆಯಲ್ಲೇ ಬಿಟ್ಟಿದ್ದರೆ? ದೊಡ್ಡ ಬ್ಯಾಂಕುಗಳು ಈಗ ಎರಡೂವರೆ ಪರ್ಸೆಂಟ್ ಆಸುಪಾಸು ಕೊಡುತ್ತವೆ. ಸುಮಾರು 2,430 ಬರುತ್ತಿತ್ತು. ಅಂದರೆ ಏನೂ ಮಾಡದೆ ಕೂತಿದ್ದಕ್ಕೆ ನೀವು ಕಳೆದುಕೊಳ್ಳುವುದು 2,900. ಇನ್ನು ನಿಮ್ಮ ಬ್ಯಾಂಕು ಆರು ತಿಂಗಳ ಎಫ್‌ಡಿಗೆ 6 ಪರ್ಸೆಂಟ್ ಕೊಡುತ್ತಿದ್ದರೆ 5,820ರಷ್ಟು ಸಿಗುತ್ತದೆ. ಟ್ರೆಷರಿ ಬಿಲ್‌ಗಿಂತ ಅದೇ ಜಾಸ್ತಿ, ಅಲ್ವಾ? ಸರ್ಕಾರದ ಪತ್ರ ಅಂದ ಕೂಡಲೇ ಲಾಭ ಜಾಸ್ತಿ ಅಂದುಕೊಳ್ಳುವವರಿಗೆ ಈ ಲೆಕ್ಕ ತೋರಿಸುತ್ತೇನೆ. ಇದು ಉಲ್ಟಾ. ಭದ್ರತೆ ಜಾಸ್ತಿ ಇರುವ ಕಡೆ ಬಡ್ಡಿ ಸಾಮಾನ್ಯವಾಗಿ ಕಡಿಮೆಯೇ. ಕೆಲವು ಸಲ ಬ್ಯಾಂಕಿನ ಸಣ್ಣ ಅವಧಿಯ ಎಫ್‌ಡಿ ದರ ಟ್ರೆಷರಿ ಬಿಲ್‌ಗಿಂತ ಕೆಳಗಿರುತ್ತದೆ, ಕೆಲವು ಸಲ ಮೇಲೆ. ಹರಾಜಿನ ದರ ಪ್ರತಿ ವಾರ ಪ್ರಕಟವಾಗುತ್ತದೆ. ನಿಮ್ಮ ಬ್ಯಾಂಕಿನ ಎಫ್‌ಡಿ ಪಟ್ಟಿ ಪಕ್ಕದಲ್ಲಿಟ್ಟು ನೋಡಿದರೆ ಎರಡು ನಿಮಿಷದ ಕೆಲಸ.

ಇಲ್ಲೊಂದು ತಪ್ಪು ತಿಳಿವಳಿಕೆ ನಾನು ಪದೇ ಪದೇ ನೋಡುತ್ತೇನೆ. ‘91 ದಿನದ ಬಿಲ್, 5.4 ಪರ್ಸೆಂಟ್’ ಅಂತ ಓದಿ, 10,000 ಹಾಕಿದರೆ ಮೂರು ತಿಂಗಳಿಗೆ 540 ಬರುತ್ತದೆ ಅಂದುಕೊಳ್ಳುತ್ತಾರೆ. ಆ ದರ ವರ್ಷಕ್ಕೆ. ಮೂರು ತಿಂಗಳಿಗೆ ನಿಮ್ಮ ಕೈಗೆ ಸಿಗುವುದು 133 ರೂಪಾಯಿ. ಬೆಂಗಳೂರಿನಲ್ಲಾದರೆ ಎರಡು ಮಸಾಲೆ ದೋಸೆಗೆ ಸಾಕಾದರೆ ಪುಣ್ಯ.

ಹಾಗಾದರೆ ಯಾರಾದರೂ ಇದನ್ನು ಯಾಕೆ ತೆಗೆದುಕೊಳ್ಳಬೇಕು? ಕಾರಣ ಸೌಹಾರ್ದದ ಪ್ರಶ್ನೆಯಲ್ಲೇ ಇದೆ.

ಬ್ಯಾಂಕಿನಲ್ಲಿ ನೀವಿಟ್ಟ ಠೇವಣಿಗೆ ವಿಮೆ ಇದೆ. ಅಸಲು, ಬಡ್ಡಿ ಎರಡೂ ಸೇರಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ. 2020ರ ಫೆಬ್ರವರಿವರೆಗೂ ಈ ಮಿತಿ ಬರೀ 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಆದರೆ ನಮ್ಮೂರುಗಳಲ್ಲಿ ಬೋರ್ಡ್ ಹಾಕಿಕೊಂಡಿರುವ ಸೌಹಾರ್ದ ಸಹಕಾರಿಗಳು, ಪತ್ತಿನ ಸಂಘಗಳು ಬ್ಯಾಂಕುಗಳಲ್ಲ. ಕೌಂಟರ್ ಇರುತ್ತದೆ, ಪಾಸ್‌ಬುಕ್ ಇರುತ್ತದೆ, ಗುರುತಿನವರೇ ಕ್ಯಾಷಿಯರ್ ಆಗಿರುತ್ತಾರೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದಿದ್ದರೆ ಈ ಠೇವಣಿ ವಿಮೆಯೂ ಇಲ್ಲ. ಒಂದು ರೂಪಾಯಿಗೂ ಇಲ್ಲ. ಚೆನ್ನಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ, ನಾನು ಎಲ್ಲರನ್ನೂ ಅನುಮಾನಿಸುತ್ತಿಲ್ಲ. ಆದರೆ ನನ್ನ ಸಂಬಂಧಿಕರೊಬ್ಬರು ನಿವೃತ್ತಿಯ ದುಡ್ಡನ್ನು ಹೀಗೊಂದು ಕಡೆ ಇಟ್ಟು, ‘ಮುಂದಿನ ವಾರ ಬನ್ನಿ’ ಎಂಬ ಮಾತನ್ನು ಎರಡು ವರ್ಷ ಕೇಳಿದರು. ಬಡ್ಡಿಯಲ್ಲಿ ಅವರಿಗೆ ಸಿಕ್ಕಿದ್ದು ಬ್ಯಾಂಕಿಗಿಂತ ಎರಡು ಪರ್ಸೆಂಟ್ ಜಾಸ್ತಿ. ಫೀಸು ಕಟ್ಟುವ ದಿನ ಕಾಲೇಜಿನ ಕೌಂಟರಿನಲ್ಲಿ ನಿಂತು ‘ಮುಂದಿನ ವಾರ ಕೊಡುತ್ತೇನೆ’ ಅಂದರೆ ನಡೆಯುತ್ತದಾ?

ಟ್ರೆಷರಿ ಬಿಲ್‌ಗೆ 5 ಲಕ್ಷದ ಮಿತಿ ಇಲ್ಲ. 10,000 ಇರಲಿ, 40 ಲಕ್ಷ ಇರಲಿ, ಹೊಣೆ ಕೇಂದ್ರ ಸರ್ಕಾರದ್ದು. ಹಾಗಾಗಿ ಸೈಟ್ ಮಾರಿ ದೊಡ್ಡ ಮೊತ್ತ ಬಂದವರು, ಮುಂದಿನ ಮನೆ ಸಿಗುವವರೆಗೆ ಏಳೆಂಟು ಬ್ಯಾಂಕುಗಳಿಗೆ ಹಂಚಿಕೊಂಡು ಓಡಾಡುವ ಬದಲು ಇದನ್ನು ತೆಗೆದುಕೊಂಡರೆ ಅರ್ಥ ಇದೆ.

ಖರೀದಿಯ ವಿಧಾನ ಹೇಳಿಬಿಡುತ್ತೇನೆ. ರಿಟೇಲ್ ಡೈರೆಕ್ಟ್‌ನಲ್ಲಿ ಖಾತೆ ತೆರೆಯಲು ಪ್ಯಾನ್, ವಿಳಾಸದ ದಾಖಲೆ, ಮೊಬೈಲ್, ಇಮೇಲ್, ಒಂದು ಉಳಿತಾಯ ಖಾತೆ ಬೇಕು. ಖಾತೆ ತೆರೆಯುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಶುಲ್ಕ ಇಲ್ಲ. ಏಜೆಂಟರೂ ಇಲ್ಲ, ಯಾರಾದರೂ ‘ನಾನು ಮಾಡಿಸಿಕೊಡುತ್ತೇನೆ, ಕಮಿಷನ್ ಕೊಡಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ನನ್ನ ಖಾತೆ ಮೊದಲ ಸಲ ತಿರಸ್ಕಾರವಾಯಿತು. ತಪ್ಪು ನನ್ನದೇ. ಆಧಾರ್‌ನಲ್ಲಿ ನನ್ನ ಇನಿಷಿಯಲ್ ಹೆಸರಿನ ಮುಂದೆ ಇತ್ತು, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಹಿಂದೆ ಇತ್ತು, ಪಾಸ್‌ಬುಕ್‌ನಲ್ಲಿ ಇನಿಷಿಯಲ್ಲೇ ಇರಲಿಲ್ಲ. ನಾವು ಕನ್ನಡದವರು ಹೆಸರು ಬರೆಯುವ ರೀತಿಗೆ ಇದು ಮಾಮೂಲಿ. ಸರಿ ಮಾಡಿಸಲು ಮೂರು ವಾರ ಹಿಡಿಯಿತು.

ಖಾತೆ ಆದ ಮೇಲೆ ಕೆಲಸ ಸುಲಭ. ಕನಿಷ್ಠ 10,000, ಆಮೇಲೆ 10,000ದ ಲೆಕ್ಕದಲ್ಲಿ ಹೆಚ್ಚಿಸುತ್ತಾ ಹೋಗಬಹುದು. ದೊಡ್ಡ ಬ್ಯಾಂಕುಗಳು ಹರಾಜಿನಲ್ಲಿ ಬೆಲೆ ಕೂಗುತ್ತವೆ, ನಾವು ಕೂಗಬೇಕಾಗಿಲ್ಲ. ಅವರ ಕೂಗಿನ ಸರಾಸರಿ ಬೆಲೆಗೆ ನಮಗೆ ಸಿಗುತ್ತದೆ. ಬೆಲೆ ಗೊತ್ತಾಗುವುದು ಹರಾಜಿನ ನಂತರ. ಅದಕ್ಕೇ ಬಿಡ್, ಅಂದರೆ ಇಷ್ಟು ಮೊತ್ತದ ಬಿಲ್ ಬೇಕು ಎಂಬ ಕೋರಿಕೆ, ಹಾಕುವಾಗ ಸ್ವಲ್ಪ ಜಾಸ್ತಿ ಹಣ ಹಿಡಿದಿಟ್ಟುಕೊಂಡರೆ ಗಾಬರಿಯಾಗಬೇಡಿ, ಉಳಿದದ್ದು ವಾಪಸ್ ಬರುತ್ತದೆ. ಯುಪಿಐ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟಬಹುದು. ಅವಧಿ ಮುಗಿದಾಗ ಹಣ ತಾನಾಗಿಯೇ ಉಳಿತಾಯ ಖಾತೆಗೆ ಬಂದು ಬೀಳುತ್ತದೆ. ಪದೇ ಪದೇ ಬಿಡ್ ಹಾಕುವ ರಗಳೆ ಬೇಡ ಅನ್ನುವವರಿಗೆ ತಾನಾಗಿಯೇ ಬಿಡ್ ಆಗುವ ಸೌಲಭ್ಯವನ್ನೂ 2025ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ವಿದೇಶದಲ್ಲಿರುವ ನಮ್ಮವರಿಗೂ ಈ ಯೋಜನೆಯಲ್ಲಿ ಖಾತೆ ತೆರೆಯಲು ಅವಕಾಶ ಇದೆ.

ತೊಂದರೆ ಬರುವುದು ಮಧ್ಯದಲ್ಲಿ ದುಡ್ಡು ಬೇಕಾದಾಗ. ಎಫ್‌ಡಿ ಆದರೆ ಅರ್ಧ ಅಥವಾ ಒಂದು ಪರ್ಸೆಂಟ್ ದಂಡ ಕಟ್ಟಿ, ಆಗಲೇ ಮುರಿಸಬಹುದು. ಟ್ರೆಷರಿ ಬಿಲ್ ಮುರಿಸಲು ಆಗುವುದಿಲ್ಲ, ಮಾರಬೇಕು. ಕೊಳ್ಳುವವರು ಸಿಗಬೇಕು, ಆ ಹೊತ್ತಿನ ಬೆಲೆ ಒಪ್ಪಬೇಕು, ದುಡ್ಡು ಬರಲು ಮರುದಿನದವರೆಗೆ ಕಾಯಬೇಕು. ಸಣ್ಣ ಮೊತ್ತ ಮಾರಲು ಹೋದರೆ ಒಳ್ಳೆ ಬೆಲೆ ಸಿಗುವುದು ಕಷ್ಟ. ಆಸ್ಪತ್ರೆ ಖರ್ಚಿಗೆ ಅಂತ ಎತ್ತಿಟ್ಟ ದುಡ್ಡನ್ನು ಇದರಲ್ಲಿ ಹಾಕಲೇಬೇಡಿ.

ಇನ್ನೊಂದು, ಇವತ್ತಿನ ದರ ಮುಂದಿನ ಸಲ ಇರುವುದಿಲ್ಲ. 2020ರಲ್ಲಿ ಕೋವಿಡ್ ಸಮಯಕ್ಕೆ 91 ದಿನದ ಬಿಲ್ ದರ 3 ಪರ್ಸೆಂಟ್ ಹತ್ತಿರಕ್ಕೆ ಬಿದ್ದಿತ್ತು. 2024ರ ಆರಂಭದಲ್ಲಿ 7ರ ಹತ್ತಿರ ಇತ್ತು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೋ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನು, 6.5ರಿಂದ 5.25ಕ್ಕೆ ಇಳಿಸಿದಾಗ ಇದೂ ಹಿಂದೆಯೇ ಇಳಿಯಿತು. ಐದು ವರ್ಷದ ಎಫ್‌ಡಿಯಲ್ಲಿ ದರ ಮೊದಲೇ ಬೀಗ ಹಾಕಿದ ಹಾಗೆ. ಇಲ್ಲಿ ಪ್ರತಿ ಸಲವೂ ಹೊಸ ದರ. ಪಿಂಚಣಿ ಥರ ಇದರ ಬಡ್ಡಿ ನಂಬಿ ಬದುಕಲು ಆಗುವುದಿಲ್ಲ.

ತೆರಿಗೆ ವಿಷಯದಲ್ಲಿ ‘ಸರ್ಕಾರದ್ದಲ್ವಾ, ಟ್ಯಾಕ್ಸ್ ಇರಲ್ಲ’ ಅನ್ನುವ ಮಾತು ಸುಳ್ಳು. ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುವುದಿಲ್ಲ, ಅಷ್ಟೇ. ಲಾಭವನ್ನು ನೀವೇ ಲೆಕ್ಕದಲ್ಲಿ ತೋರಿಸಿ, ನಿಮ್ಮ ಸ್ಲ್ಯಾಬ್ ಪ್ರಕಾರ ಕಟ್ಟಬೇಕು. ಅಡಿಕೆ ಬೆಳೆದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಆ ದುಡ್ಡು ದುಡಿದು ತಂದ 5,340 ಕೃಷಿ ಆದಾಯ ಅಲ್ಲ. ಅರವತ್ತು ದಾಟಿದವರಿಗೆ ಇನ್ನೊಂದು ಮಾತು. ಎಫ್‌ಡಿಯಲ್ಲಿ ನಿಮಗೆ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಜಾಸ್ತಿ ಸಿಗುತ್ತದೆ. ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಠೇವಣಿ ಬಡ್ಡಿಗೆ 50,000ದವರೆಗೆ ವಿನಾಯಿತಿಯೂ ಇದೆ. ಟ್ರೆಷರಿ ಬಿಲ್‌ಗೆ ಎರಡೂ ಇಲ್ಲ. 5 ಲಕ್ಷದ ಒಳಗಿನ ದುಡ್ಡಾದರೆ ಹಿರಿಯರು ಒಳ್ಳೆ ಬ್ಯಾಂಕಿನ ಎಫ್‌ಡಿಯಲ್ಲೇ ಆರಾಮಾಗಿರಬಹುದು.

ಈಗ ನಿಮ್ಮ 4 ಲಕ್ಷಕ್ಕೆ ಬರೋಣ. ಒಂದು ಲಕ್ಷ ಎಸ್‌ಬಿಯಲ್ಲೇ ಇರಲಿ, ಗೊಬ್ಬರ, ಕೂಲಿ, ಜ್ವರ ಕೆಮ್ಮು ಅಂತ ಬರುತ್ತಲೇ ಇರುತ್ತದೆ. ಒಂದು ಲಕ್ಷ ನಿಮ್ಮ ಬ್ಯಾಂಕಿನಲ್ಲೇ ಎಫ್‌ಡಿ ಮಾಡಿ, ಬೇಕಾದಾಗ ಮುರಿಸಲು. ಫೀಸಿನ 2 ಲಕ್ಷಕ್ಕೆ ನಿಮ್ಮ ಬ್ಯಾಂಕಿನ ಆರು ತಿಂಗಳ ದರವನ್ನೂ 182 ದಿನದ ಬಿಲ್ ದರವನ್ನೂ ಹೋಲಿಸಿ. ಬ್ಯಾಂಕಿನದು ಜಾಸ್ತಿ ಇದ್ದರೆ ಸಂಕೋಚವಿಲ್ಲದೆ ಅಲ್ಲೇ ಹಾಕಿ, ನಿಮ್ಮ ಮೊತ್ತ ವಿಮೆಯ ಒಳಗೇ ಇದೆ. ಬಿಲ್ ದರ ಜಾಸ್ತಿ ಇದ್ದರೆ ಬಿಲ್. ಸೌಹಾರ್ದ ಬೇಡ, ಮನೆಯವರಿಗೆ ಮೇಲಿನ ‘ಮುಂದಿನ ವಾರ’ದ ಕಥೆ ಓದಿ ಹೇಳಿ.

ಬಿಲ್ ಅಂತ ತೀರ್ಮಾನಿಸಿದರೆ ದಿನದ ಲೆಕ್ಕ ಮರೆಯಬೇಡಿ. ಏಳು ತಿಂಗಳಲ್ಲಿ 182 ದಿನ ಕಳೆದರೆ ಉಳಿಯುವುದು ಒಂದು ತಿಂಗಳು. ಖಾತೆ ತೆರೆಯುವುದು, ಹರಾಜಿಗೆ ಕಾಯುವುದು ಎಲ್ಲ ಆ ಒಂದು ತಿಂಗಳಲ್ಲೇ ಆಗಬೇಕು. ಬಿಡ್ಡನ್ನು ಬುಧವಾರ ಬೆಳಗ್ಗೆಗೆ ಇಡಬೇಡಿ, ಮಂಗಳವಾರವೇ ಹಾಕಿಬಿಡಿ. ಅದಕ್ಕೂ ಮುಂಚೆ ಇವತ್ತು ಸಂಜೆ ಆಧಾರ್, ಪ್ಯಾನ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲಿಟ್ಟು, ನಿಮ್ಮ ಇನಿಷಿಯಲ್ ಎಲ್ಲೆಲ್ಲಿ ಕೂತಿದೆ ಅಂತ ನೋಡಿ.